ಹದಿನಾಲ್ಕನೇ ಮನೆಯ ದನಿಗಳು

ಆಕೆಗೆ ಕಿವಿಯಕ್ಕ ಎಂದು ಹೆಸರಿಟ್ಟವರು ಜೊತೆಯಲ್ಲಿ ಕೆಲಸ ಮಾಡುವ ಸಂಗೀತದ ಮೇಷ್ಟ್ರು. ಇಟ್ಟ ದಿನ ಆಕೆ ಮುಖ ಊದಿಸಿಕೊಂಡಿದ್ದಳು. ಆಮೇಲೆ ಅದೇ ಹೆಸರು ಹಿಡಿಸಿತು, ಯಾಕೆಂದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮದುವೆಯಾದ ಹೊಸದರಿಂದ ತಲೆ ನರೆಯುವವರೆಗೆ ಆಕೆ ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವಳು. ಆಚೆಯವರು ಹಲೋ ಎನ್ನುವ ಮೊದಲೇ, ಉಸಿರು ಎಳೆದುಕೊಳ್ಳುವ ಸದ್ದಿನಲ್ಲೇ ಯಾವ ಡಾಕ್ಟರು, ಯಾವ ವಾರ್ಡಿನ ನರ್ಸು ಎಂದು ಹೇಳಿಬಿಡುತ್ತಿದ್ದಳು. ಬೋರ್ಡಿನ ಜಾಗಕ್ಕೆ ಯಂತ್ರ ಬಂತು, ಆಕೆ ಮನೆಗೆ ಬಂದಳು. ಕೆಲವು ತಿಂಗಳು ಸುಮ್ಮನೆ ಕೂತದ್ದಾಯಿತು. ಕೊನೆಗೆ ಕೆಲಸ ಕೊಟ್ಟದ್ದೂ ಯಂತ್ರವೇ.

ಟೈರ್ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ, ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಒಂದು ಕೋಣೆ. ಎದುರುಬದುರು ಮೇಜುಗಳು, ಮೇಜಿಗೊಂದು ಪರದೆ, ತಲೆಗೊಂದು ಹೆಡ್‌ಫೋನು. ಮನುಷ್ಯರು ಯಾವ ಮನಸ್ಸಿನಲ್ಲಿ ಮಾತಾಡುತ್ತಿದ್ದಾರೆ ಎಂಬುದನ್ನು ಕಂಪನಿ ಒಂದು ಯಂತ್ರಕ್ಕೆ ಕಲಿಸುತ್ತಿತ್ತು. ಒಪ್ಪಿದ ಮನೆಗಳ ಅಡುಗೆಮನೆಯ ಕಪಾಟಿನ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಯೊಂದು ಕೂತಿರುತ್ತಿತ್ತು. ಅದು ಮನೆಯವರ ಮಾತನ್ನು ಹಿಡಿದು, ಸೋಸಿ, ಕಳಿಸುತ್ತಿತ್ತು. ಸೋಸುವುದು ಎಂದರೆ ಹೀಗೆ: ದನಿಯಲ್ಲಿರುವ ಮೇಲಿನ ಕಂಪನಗಳನ್ನು ತೆಗೆದುಹಾಕಿದರೆ ಅಕ್ಷರಗಳು ಅಳಿದುಹೋಗುತ್ತವೆ, ಏರಿಳಿತ ಮಾತ್ರ ಉಳಿಯುತ್ತದೆ. ಅದರ ಜೊತೆಗೆ ಗಂಡಸಿನ ದನಿಯನ್ನು ಒಂದಿಷ್ಟು ಮೇಲಕ್ಕೂ ಹೆಂಗಸಿನದನ್ನು ಒಂದಿಷ್ಟು ಕೆಳಕ್ಕೂ ಸರಿಸಿ, ವೇಗವನ್ನೂ ಬದಲಿಸುತ್ತಿದ್ದರು. ಕೇಳುವವರಿಗೆ ಅದು ಗೋಡೆಯಾಚೆ ಯಾರೋ ನೀರಿನೊಳಗೆ ಮುಳುಗಿ ಮಾತಾಡಿದಂತೆ ಇರುತ್ತಿತ್ತು. ಏನು ಹೇಳುತ್ತಿದ್ದಾರೆ ಎಂಬುದು ದೇವರಾಣೆಗೂ ತಿಳಿಯದು. ಹೇಗೆ ಹೇಳುತ್ತಿದ್ದಾರೆ ಎಂಬುದು ಮಾತ್ರ ಬರಿಮೈಯಲ್ಲಿ ಎದುರು ನಿಂತಿರುತ್ತಿತ್ತು.

ಕೇಳಿದ್ದನ್ನು ಪರದೆಯ ಮೇಲಿನ ಡಬ್ಬಿಗಳಲ್ಲಿ ಒಂದಕ್ಕೆ ಹಾಕಬೇಕು. ಡಬ್ಬಿಯ ಮೇಲಿನ ಪದಗಳೆಲ್ಲ ಇಂಗ್ಲಿಷಿನವು. ಯಂತ್ರಕ್ಕೆ ಬರುತ್ತಿದ್ದದ್ದು ಅದೊಂದೇ ಭಾಷೆ. ಈ ಸಲದ ಕೆಲಸ ಎರಡು ಗುಂಪಿನದು. ಒಂದು ಕಿರಿಕಿರಿಯದು: ಇರಿಟೇಟೆಡ್, ಅನಾಯ್ಡ್, ಫೆಡ್ ಅಪ್. ಇನ್ನೊಂದು ತಹತಹದ್ದು: ರೆಸ್ಟ್‌ಲೆಸ್, ಇಚಿಂಗ್, ಕ್ರೇವಿಂಗ್, ಲಾಂಗಿಂಗ್.

ಮೊದಲ ವಾರ ಎಲ್ಲರೂ ತಲೆ ಕೆರೆದುಕೊಂಡರು. ಇರಿಟೇಟೆಡ್ ಎಲ್ಲಿ ಮುಗಿಯುತ್ತದೆ, ಅನಾಯ್ಡ್ ಎಲ್ಲಿ ಶುರುವಾಗುತ್ತದೆ? ಕಡೆಗೆ ಟೀ ಕುಡಿಯುತ್ತ ಮೇಷ್ಟ್ರು, ಕಿವಿಯಕ್ಕ, ಮೇಲ್ವಿಚಾರಕಿ ಮೂವರೂ ಸೇರಿ ಒಂದು ಲೆಕ್ಕಕ್ಕೆ ಬಂದರು.

"ಸೊಳ್ಳೆ ಒಂದ್ಸಲ ಕಚ್ಚಿದ್ರೆ ಇರಿಟೇಟೆಡ್," ಎಂದಳು ಕಿವಿಯಕ್ಕ.

"ಕಚ್ಚದೇ ಕಿವಿ ಹತ್ರ ಗುಂಯ್ ಅಂತಿದ್ರೆ ಅನಾಯ್ಡ್," ಎಂದರು ಮೇಷ್ಟ್ರು.

"ಸೊಳ್ಳೆ ಇರೋ ಊರಲ್ಲೇ ಇರಲ್ಲ ಅನ್ನಿಸಿದ್ರೆ ಫೆಡ್ ಅಪ್," ಎಂದು ಮೇಲ್ವಿಚಾರಕಿ ಮುಗಿಸಿದಳು. ಆಕೆ ವಯಸ್ಸಿನಲ್ಲಿ ಇಬ್ಬರಿಗಿಂತ ಚಿಕ್ಕವಳು, ಚುರುಕು.

ತಹತಹದ ಸಾಲು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಕೂತಲ್ಲಿ ಕೂರಲಾಗದೆ, ಏನು ಬೇಕೆಂದೂ ಗೊತ್ತಿಲ್ಲದಿದ್ದರೆ ರೆಸ್ಟ್‌ಲೆಸ್. ಬೇಕಾದದ್ದು ಎದುರಿಗೇ ಇದ್ದು ಕೈ ಸುಮ್ಮನಿರದಿದ್ದರೆ ಇಚಿಂಗ್. ಹೊಟ್ಟೆಯೊಳಗಿಂದ ಎಳೆದರೆ ಕ್ರೇವಿಂಗ್. ಬೇಕಾದದ್ದು ಬೇಕು, ಆದರೆ ಕೇಳುವ ಧೈರ್ಯ ಅರ್ಧದಾರಿಯಲ್ಲಿ ಕೈಕೊಡುತ್ತದೆ ಎಂದಾದರೆ ಲಾಂಗಿಂಗ್. ಈ ಕೊನೆಯದನ್ನು ಹೇಳಿದವಳು ಕಿವಿಯಕ್ಕ. ಹೇಳಿದ್ದು ಹದಿನಾಲ್ಕನೇ ಮನೆಯನ್ನು ಕೇಳಿದ ಮೇಲೆ.

ಮನೆಗಳಿಗೆ ಹೆಸರಿರಲಿಲ್ಲ, ಅಂಕಿ ಮಾತ್ರ. ಹದಿನಾಲ್ಕನೆಯದರಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು. ಗಂಡಸಿನ ದನಿ ತಗ್ಗಿನಲ್ಲಿ ಶುರುವಾಗಿ ಮೆಲ್ಲಗೆ ಏರುತ್ತಿತ್ತು, ಏರಿ ತುದಿ ಮುಟ್ಟುವ ಹೊತ್ತಿಗೆ ನಿಂತುಬಿಡುತ್ತಿತ್ತು. ಬಾಗಿಲು ತಟ್ಟಿ, ತಟ್ಟಿದ್ದೇ ತಪ್ಪೇನೋ ಎಂದು ಹಿಂದೆ ಸರಿದು ನಿಂತವರ ಹಾಗೆ. ಆಮೇಲೆ ಹೆಂಗಸಿನದು: ಚುಟುಕು, ಚಪ್ಪಟೆ, ಕೊನೆಯಲ್ಲಿ ಧಪ್ಪನೆ ಕೆಳಕ್ಕೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಮತ್ತೆ ಸ್ವಲ್ಪ ಹೊತ್ತಿಗೆ ಅವನು ಇನ್ನೊಂದು ಕಡೆಯಿಂದ ತಟ್ಟುತ್ತಿದ್ದ. ಮತ್ತೆ ಮುಚ್ಚಳ.

ಮೇಷ್ಟ್ರು ಆ ಹೆಂಗಸಿಗೆ ಮುಳ್ಳಕ್ಕ ಎಂದು ಹೆಸರಿಟ್ಟರು. ಹೆಸರಿಡುವುದರಲ್ಲಿ ಅವರದು ಎತ್ತಿದ ಕೈ. ಆದರೆ ಗುರುತು ಹಾಕುವಾಗ ಅವರೇ ಮೆತ್ತಗಾಗುತ್ತಿದ್ದರು.

"ಅನಾಯ್ಡ್ ಅಂತ ಹಾಕೋಣ ಅಕ್ಕಾ. ಪಾಪ, ಕೆಲಸ ಮಾಡಿ ಸುಸ್ತಾಗಿರ್ಬೋದು."

"ಸುಸ್ತಲ್ಲ ಮೇಷ್ಟ್ರೇ. ಸುಸ್ತಾದೋರ ದನಿ ಕೊನೇಲಿ ಸವೆದುಹೋಗುತ್ತೆ, ಹಿಂಗೆ ಬೀಳಲ್ಲ. ಇವಳಿಗೆ ಆ ಮನುಷ್ಯ ಸಾಕಾಗಿದಾನೆ. ಫೆಡ್ ಅಪ್ ಹಾಕಿ, ಕಣ್ಣು ಮುಚ್ಕೊಂಡು."

"ಅಷ್ಟು ಕಟುಕಿನಾ?"

"ಇಂಥ ಗಂಡ ಸಿಕ್ಕೂ ಹಿಂಗಾಡ್ತಾಳಲ್ಲ, ಅದನ್ನ ಹೇಳಿ. ಎಷ್ಟು ಆಸೆಯಿಂದ ಮಾತಾಡ್ಸ್ತಾನೆ ಕೇಳಿ. ನಮ್ಮನೇಲೂ ಒಬ್ರಿದಾರೆ. ಲಿಫ್ಟು, ಹಗ್ಗ, ಗ್ರೀಸು ಬಿಟ್ರೆ ಬಾಯಲ್ಲಿ ಬೇರೆ ಮಾತೇ ಇಲ್ಲ."

ಮೇಷ್ಟ್ರು ನಕ್ಕರು. ಆಕೆಯೂ ನಕ್ಕಳು. ನಗುವಿನ ಕೆಳಗೆ ಇದ್ದದ್ದನ್ನು ಯಾರಿಗೂ ಹೇಳಲಿಲ್ಲ. ಹದಿನಾಲ್ಕನೇ ಮನೆ ಪರದೆಗೆ ಬಂದರೆ ಆಕೆ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದಳು. ಒಂದೇ ಸಲ ಕೇಳಿದರೆ ಸಾಕಾಗುವುದನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಯಾರ ಗಂಡನೋ, ಯಾವ ಬೀದಿಯವನೋ. ಈ ವಯಸ್ಸಿನಲ್ಲಿ ಇದೇನು ಎಂದು ತನ್ನನ್ನೇ ಗದರಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದಳು.

ಮನೆಯಲ್ಲಿ ಆ ದಿನಗಳಲ್ಲಿ ಬೇರೆಯೇ ಚಿಂತೆ ಇತ್ತು. ಮಗಳು ಮದುವೆಯಾಗಿ ಹೋದಮೇಲೆ ಉಳಿದವರು ಇಬ್ಬರೇ. ಲಿಫ್ಟು ರಿಪೇರಿ ಮಾಡುವ ಗಂಡನಿಗೆ ಕೆಲವು ತಿಂಗಳ ಹಿಂದೆ ಬಂದರಿನ ಊರಿನಿಂದ ಕರೆ ಬಂದಿತ್ತು. ಅಲ್ಲಿ ಸಾಲುಸಾಲಾಗಿ ಎತ್ತರದ ಕಟ್ಟಡಗಳು ಏಳುತ್ತಿದ್ದವು, ಲಿಫ್ಟು ನೋಡಿಕೊಳ್ಳಲು ಅನುಭವಿ ಮೇಸ್ತ್ರಿ ಬೇಕಿತ್ತು. ಎರಡು ವರ್ಷದ ಕೆಲಸ. ಶುಕ್ರವಾರದೊಳಗೆ ಒಂದು ಮಾತು ಹೇಳಬೇಕಿತ್ತು.

ಅವನು ಹೋಗುವುದು ಆಕೆಗೆ ಬೇಡವಾಗಿತ್ತು. ಆದರೆ ಅವನ ಕಾಲು ಆಗಲೇ ಹೊಸ್ತಿಲಾಚೆ ಇದೆ ಎಂದು ಆಕೆ ತೀರ್ಮಾನಿಸಿದ್ದಳು. ಹೊರಟವನ ಅಂಗಿ ಹಿಡಿದು ಜಗ್ಗುವ ಹೆಂಗಸು ತಾನಾಗಬಾರದು ಎಂದೂ. ಅದಕ್ಕೇ ಆ ವಿಷಯ ಬಂದಾಗೆಲ್ಲ ತಾನು ಅಡ್ಡ ಬರದಂತೆ ಉತ್ತರ ಕೊಡುತ್ತಿದ್ದಳು.

"ಅಲ್ಲಿ ಕೊಡೋ ಮನೆಗೆ ಎರಡು ಕಿಟಕಿ ಇದೆಯಂತೆ," ಎಂದಿದ್ದ ಗಂಡ, ಬುಧವಾರ ಊಟಕ್ಕೆ ಕೂತಾಗ. "ಒಂದು ನೀರಿನ ಕಡೆಗೇ."

"ಒರೆಸೋರು ಯಾರು?"

"ಅಡುಗೆಮನೆ ಕಟ್ಟೆ ಎತ್ತರ ಇದೆಯಂತೆ. ಬಗ್ಗಿ ಬಗ್ಗಿ ಬೆನ್ನು ನೋವು ಬರೋ ಹಂಗಿಲ್ಲ."

"ಒಳ್ಳೇದಾಯ್ತು."

"ಶುಕ್ರವಾರ ಹೇಳ್ಬೇಕು."

"ಹೇಳಿ."

"ಏನಂತ ಹೇಳ್ಲಿ?"

"ಹೋಗೋರು ನೀವು. ನನ್ನ ಕೇಳಿದ್ರೆ?"

ಅವನು ತಟ್ಟೆ ಎತ್ತಿಕೊಂಡು ತೊಳೆಯಲು ಹೋದ. ಜಗಳವಿಲ್ಲ, ದನಿ ಏರಿಲ್ಲ. ಎಷ್ಟು ಸಮಾಧಾನವಾಗಿ ಮುಗಿಯಿತು ಎಂದೇ ಆಕೆ ಅಂದುಕೊಂಡಳು.

ಶುಕ್ರವಾರ ಮಧ್ಯಾಹ್ನ ಮೇಲ್ವಿಚಾರಕಿ ಎಲ್ಲರ ಹೆಡ್‌ಫೋನು ತೆಗೆಸಿದಳು. ಮುಖ ಅರಳಿತ್ತು.

"ಒಂದು ಗುಟ್ಟು ಹೇಳ್ತೀನಿ, ಬೈಬಾರದು. ಈ ಸಲದ ಮನೆಗಳಲ್ಲಿ ನಿಮ್ಮನಿಮ್ಮ ಮನೆಗಳನ್ನೂ ಸೇರಿಸಿದ್ವಿ. ಹೋದ ವರ್ಷ ನಿಮಗೂ ಪೆಟ್ಟಿಗೆ ಕೊಟ್ಟಿದ್ವಲ್ಲ, ಒಪ್ಪಿಗೆ ಹಾಕಿದ್ರಲ್ಲ, ಅದರದ್ದೇ."

ಆ ಪೆಟ್ಟಿಗೆ ಕಿವಿಯಕ್ಕನ ಮನೆಯಲ್ಲಿ ಉಪ್ಪಿನ ಭರಣಿಯ ಹಿಂದೆ ಇತ್ತು. ಇಟ್ಟ ವಾರ ಇಬ್ಬರೂ ನಾಟಕದವರಂತೆ ಮಾತಾಡಿದ್ದರು. ಆಮೇಲೆ ಅದರ ಮೇಲೆ ಧೂಳು ಕೂತಿತು.

"ಸೋಸೋದು ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಿದ್ದು. ಸ್ವಂತ ಮನೆಯೋರಿಗೇ ಗುರುತು ಸಿಗದಿದ್ರೆ ಇನ್ಯಾರಿಗೂ ಸಿಗಲ್ಲ, ಅಲ್ವಾ? ಯಾರಿಗೂ ಸಿಗ್ಲಿಲ್ಲ! ನಾವು ಪಾಸು!"

ಕೋಣೆಯಲ್ಲಿ ಗದ್ದಲ ಎದ್ದಿತು. ಎಲ್ಲರೂ ನಂದು ಯಾವುದು, ನಂದು ಯಾವುದು ಎಂದು ಮುಗಿಬಿದ್ದರು. ಮೇಷ್ಟ್ರದು ಆರನೆಯದು. "ಆರರಲ್ಲಿ ಒಂದು ಮುದಿ ಹೋತ ಒದರ್ತಿತ್ತಲ್ಲ, ಅದು ನಾನಾ?" ಎಂದು ಅವರು ಎದೆಗೆ ಕೈ ಇಟ್ಟುಕೊಂಡರು. ನಗು ಗೋಡೆಯ ಬಟ್ಟೆಯಲ್ಲೂ ಇಂಗದಷ್ಟಾಯಿತು.

"ಕಿವಿಯಕ್ಕಾ, ನಿಮ್ಮದು ಹದಿನಾಲ್ಕು."

ಮೇಷ್ಟ್ರ ನಗು ಅರ್ಧಕ್ಕೆ ತುಂಡಾಯಿತು.

ಕಿವಿಯಕ್ಕನ ತಲೆಗೆ ಮೊದಲು ಬಂದ ಯೋಚನೆಯನ್ನು ಇದ್ದ ಹಾಗೆ ಹೇಳಬೇಕು: ನನ್ನ ಅಡುಗೆಮನೆಗೆ ಬರುತ್ತಿರುವ ಆ ಹೆಂಗಸು ಯಾರು? ಗಂಡ ಹಗಲುಹೊತ್ತು ಯಾರನ್ನೋ ಮನೆಗೆ ಕರೆತರುತ್ತಿದ್ದಾನೆ, ಅವಳ ಮುಂದೆ ಹಾಗೆ ಅಂಗಲಾಚುತ್ತಿದ್ದಾನೆ, ಅವಳು ಅವನನ್ನು ಕಾಲಕಸ ಮಾಡುತ್ತಿದ್ದಾಳೆ. ಆಕೆಗೆ ಆ ಹೆಂಗಸಿನ ಜುಟ್ಟು ಹಿಡಿಯುವಷ್ಟು ಸಿಟ್ಟು ಬಂತು. ಆ ಸಿಟ್ಟು ಒಂದು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ, ಆ ಅಡುಗೆಮನೆಯಲ್ಲಿ ಮಾತಾಡುವ ಹೆಂಗಸು ಒಬ್ಬಳೇ ಎಂಬುದು ಹೊಳೆಯಿತು.

ಕಿವಿಯೊಳಗೆ ಗುಂಯ್ ಎಂಬ ಸದ್ದು. ಯಾರೋ ಏನೋ ಹೇಳುತ್ತಿದ್ದರು, ತುಟಿಗಳು ಆಡುವುದು ಮಾತ್ರ ಕಾಣುತ್ತಿತ್ತು.

"ಅಕ್ಕಾ, ನೀರು ಕುಡೀರಿ," ಎಂದರು ಮೇಷ್ಟ್ರು. "ನಾನು ಆ ಹೆಸರಿಟ್ಟಿದ್ದು... ನನ್ನ ಬಾಯಿಗೆ ಬೀಗ ಹಾಕ್ಬೇಕು."

"ಹೆಸರು ನೀವಿಟ್ಟಿದ್ದು. ಡಬ್ಬಿಗೆ ಹಾಕಿದ್ದು ನಾನು."

ಆಕೆ ಹೆಡ್‌ಫೋನು ತಲೆಗೇರಿಸಿ ಹದಿನಾಲ್ಕನ್ನು ಹಾಕಿದಳು. ಮೋಡದಲ್ಲಿ ಒಮ್ಮೆ ಮುಖ ಕಂಡರೆ ಮತ್ತೆ ಅದು ಬರಿ ಮೋಡವಾಗುವುದಿಲ್ಲ. ಹಾಗೇ ಆಯಿತು. ನೀರಿನೊಳಗಿನ ಆ ಗಂಡಸಿನ ದನಿ ಏರಿ ನಿಲ್ಲುವ ಜಾಗ ಅವಳ ಗಂಡ ಲೋಟ ಕೆಳಗಿಡುವ ಜಾಗವೇ ಆಗಿತ್ತು. ಆ ಮೌನದಲ್ಲಿ ಅವನು ಕಣ್ಣೆತ್ತಿ ನೋಡುತ್ತಾನೆ. ಅಷ್ಟು ಹೊತ್ತಿಗೆ ತಾನು ಒಲೆಯ ಕಡೆ ತಿರುಗಿರುತ್ತೇನೆ. ಆಮೇಲೆ ಮುಚ್ಚಳ ಬೀಳುತ್ತದೆ. ಧಪ್. ಒಂದನ್ನು ಮುಗಿಸಿ ಇನ್ನೊಂದನ್ನು ಕೇಳಿದಳು. ಎಲ್ಲದರಲ್ಲೂ ಅದೇ. ಒಂದರಲ್ಲಾದರೂ ತನ್ನ ದನಿ ಬೇರೆ ರೀತಿ ಬಿದ್ದಿರಬಹುದೆಂದು ಹುಡುಕಿದಳು. ಇರಲಿಲ್ಲ. ಇಂಥ ದನಿಯೊಂದು ತನ್ನ ಮೈಯಲ್ಲಿದೆ ಎಂದು ಆಕೆಗೆ ಗೊತ್ತೇ ಇರಲಿಲ್ಲ. ಊರಿನವರ ಉಸಿರನ್ನೆಲ್ಲ ಗುರುತಿಸಿದ ಕಿವಿಗೆ ತನ್ನ ಗಂಟಲು ಒಂದೇ ಅಪರಿಚಿತವಾಗಿತ್ತು.

"ಇದರ ಮಾತು ಸಿಗುತ್ತಾ?" ಎಂದು ಮೇಲ್ವಿಚಾರಕಿಯನ್ನು ಕೇಳಿದಳು. "ಏನು ಕೇಳ್ತಿದಾರೆ ಅಂತ ಗೊತ್ತಾಗ್ಬೇಕಿತ್ತು."

"ಇಲ್ಲಕ್ಕಾ. ಮಾತು ನಿಮ್ಮ ಮನೇಲೇ ಅಳಿಸಿಹೋಗುತ್ತೆ, ಇಲ್ಲಿಗೆ ಬರೋದೇ ಇಲ್ಲ. ನಿಮ್ಮ ಗುಟ್ಟು ಕಾಪಾಡೋಕೇ ಅಲ್ವಾ." ಮೇಲ್ವಿಚಾರಕಿ ಒಂದು ಹೆಜ್ಜೆ ಹತ್ತಿರ ಬಂದಳು. "ಯಾಕಕ್ಕಾ, ಏನಾಯ್ತು? ಬರೀ ಪರೀಕ್ಷೆ ಅದು."

ಏನಾಯಿತು ಎಂದು ಹೇಳಲು ಆಕೆಗೇ ತಿಳಿದಿರಲಿಲ್ಲ. ತಿಳಿದದ್ದು ಇಷ್ಟೇ: ಗಂಡ ತಿಂಗಳುಗಟ್ಟಲೆ ಏನನ್ನೋ ಕೇಳುತ್ತಿದ್ದ, ಧೈರ್ಯ ಸಾಲದೆ ನಿಲ್ಲಿಸುತ್ತಿದ್ದ. ಇಂದು ಶುಕ್ರವಾರ. ಅವನು ಕೇಳುತ್ತಿದ್ದದ್ದು ಇನ್ನೇನಿರಲು ಸಾಧ್ಯ? ಹೋಗಬೇಡಿ ಅನ್ನು, ಎಂದು ಕೇಳುತ್ತಿದ್ದ. ಒಂದೇ ಒಂದು ಸಲ ಅನ್ನು, ಇಲ್ಲೇ ಇದ್ದುಬಿಡುತ್ತೇನೆ ಎಂದು.

ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು. ಗಂಡನ ಫೋನು ಹತ್ತಲಿಲ್ಲ. ಲಿಫ್ಟು ಏರಿಳಿಯುವ ಬಾವಿಯೊಳಗೆ ಅವನು ಇಳಿದರೆ ಅದು ಯಾವತ್ತೂ ಹತ್ತುವುದಿಲ್ಲ. ಅವನು ಆ ವಾರ ಮಾರುಕಟ್ಟೆಯ ಹಿಂದಿನ ಕಚೇರಿ ಕಟ್ಟಡದಲ್ಲಿದ್ದಾನೆಂದು ಗೊತ್ತಿತ್ತು. ಕಾಲ್ದಾರಿಯಲ್ಲಿ ಯಾರೋ ಗೋಣಿಚೀಲ ಇಳಿಸುತ್ತಿದ್ದರು.

"ಸ್ವಲ್ಪ ಜರುಗಿ," ಎಂದಳು.

ಆ ಮನುಷ್ಯ ಬೆಚ್ಚಿ ಪಕ್ಕಕ್ಕೆ ಸರಿದ. "ಸರೀತಿದೀನಲ್ಲ ತಾಯಿ, ಯಾಕೆ ಮೈಮೇಲೆ ಬರ್ತೀರಿ," ಎಂದು ಗೊಣಗಿದ. ಆಕೆ ನಡುಬೀದಿಯಲ್ಲಿ ನಿಂತಳು. ಎರಡೇ ಪದ. ಸ್ವಲ್ಪ, ಜರುಗಿ. ಎರಡರಲ್ಲೂ ತಪ್ಪಿಲ್ಲ. ಆದರೆ ಅವು ಬಾಯಿಂದ ಹೊರಟ ರೀತಿಯನ್ನು ಈಗ ಕಿವಿ ಹಿಡಿದುಬಿಟ್ಟಿತ್ತು. ಅಂಗಡಿಯವರಿಗೆ, ಪಕ್ಕದ ಮನೆಯವಳಿಗೆ, ಫೋನಿನಲ್ಲಿ ಮಗಳಿಗೆ, ಎಲ್ಲರಿಗೂ ಹೀಗೇನಾ? ಯಾವಾಗಿನಿಂದ? ಮಗಳು ಫೋನು ಇಡುವ ಆತುರ ನೆನಪಾಯಿತು. ಆಕೆ ಹೆಜ್ಜೆ ಜೋರು ಮಾಡಿದಳು.

ಕಟ್ಟಡದ ಕಾವಲುಗಾರ ಮೇಲಕ್ಕೆ ಬೆರಳು ತೋರಿಸಿದ. "ಮೇಸ್ತ್ರಿ ಮೂರನೇ ಮಹಡೀಲಿದಾರೆ. ಲಿಫ್ಟು ಕೆಟ್ಟಿದೆ, ಹತ್ಕೊಂಡೇ ಹೋಗ್ಬೇಕು."

"ಲಿಫ್ಟು ಸರಿಯಿದ್ರೆ ಮೇಸ್ತ್ರಿ ಯಾಕೆ ಬರ್ತಿದ್ರು?" ಎಂದುಬಿಟ್ಟಳು, ಆಮೇಲೆ ತುಟಿ ಕಚ್ಚಿಕೊಂಡಳು.

ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ಅಡ್ಡಕ್ಕೆ ಹಳದಿ ಪಟ್ಟಿ ಕಟ್ಟಿದ್ದರು. ಬಗ್ಗಿ ನೋಡಿದರೆ ಒಂದಾಳೆತ್ತರ ಕೆಳಗೆ ಲಿಫ್ಟಿನ ನೆತ್ತಿ, ಅದರ ಮೇಲೆ ಗಂಡನ ನೆತ್ತಿ. ಹಣೆಗೆ ದೀಪ ಕಟ್ಟಿಕೊಂಡು ಹಗ್ಗಕ್ಕೆ ಎಣ್ಣೆ ಸವರುತ್ತಿದ್ದ.

"ರೀ!"

ಬಾವಿ ಆ ಕೂಗನ್ನು ಮೂರು ಸಲ ತಿರುಗಿಸಿ ಕೊಟ್ಟಿತು. ಮೂರು ಸಲವೂ ಅದು ಬೈಗುಳದಂತೆಯೇ ಕೇಳಿಸಿತು. ಗಂಡ ಬೆಚ್ಚಿಬಿದ್ದು ಹಗ್ಗ ಹಿಡಿದುಕೊಂಡ.

"ಯಾರು? ನೀನಾ? ಮಗಳಿಗೇನಾದ್ರೂ..."

"ಯಾರಿಗೂ ಏನೂ ಆಗಿಲ್ಲ."

"ಮತ್ತೆ ಸಿಟ್ಯಾಕೆ? ಬಾಗಿಲಿಗೆ ಬೀಗ ಹಾಕದೇ ಬಂದ್ನಾ?"

"ಸಿಟ್ಟಿಲ್ಲ ನನಗೆ!"

ಸಿಟ್ಟಿಲ್ಲ ನನಗೆ, ಎಂದು ಬಾವಿ ಗುಡುಗಿತು. ಆಕೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಒಳ್ಳೆಯದನ್ನು ಹೇಳಲು ಓಡಿಬಂದಿದ್ದಳು, ಬಾಯಿ ಅದನ್ನು ತನ್ನ ಹಳೆಯ ಅಚ್ಚಿನಲ್ಲೇ ಒತ್ತಿ ಹೊರಗೆ ಬಿಡುತ್ತಿತ್ತು. ಕೈ ತೆಗೆದು, ಆದಷ್ಟು ಮೆಲ್ಲಗೆ, ಇದ್ದದ್ದನ್ನು ಹೇಳಿದಳು.

"ಹೋಗ್ಬೇಡಿ."

"ಎಲ್ಲಿಗೆ?"

"ಬಂದರಿಗೆ. ಹೋಗ್ಬೇಡಿ."

ಹಣೆಯ ದೀಪ ಅಲ್ಲಾಡದೆ ಆಕೆಯ ಮುಖದ ಮೇಲೇ ನಿಂತಿತು. ಅದರ ಹಿಂದಿನ ಮುಖ ಕಾಣಲಿಲ್ಲ.

"ಬೆಳಿಗ್ಗೆನೇ ಒಪ್ಕೊಂಡುಬಿಟ್ಟೆ ಕಣೇ," ಎಂದ.

ಅವನು ಏಣಿ ಹತ್ತಿ ಮೇಲೆ ಬಂದ. ಕೈ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತ. ಆಕೆಯ ಮುಖ ನೋಡಿ, ಜರುಗಿ, ಪಕ್ಕದಲ್ಲಿ ಜಾಗ ಮಾಡಿದ. ಆಕೆ ಕೂತಳು. ಪೆಟ್ಟಿಗೆ, ಹದಿನಾಲ್ಕು, ಡಬ್ಬಿ ಎಲ್ಲವನ್ನೂ ಹೇಳಿದಳು. ಫೆಡ್ ಅಪ್ ಎಂದು ಗುರುತು ಹಾಕಿದ್ದನ್ನೂ ಬಿಡಲಿಲ್ಲ. ಅವನು ಕೆಟ್ಟುಹೋದ ಯಂತ್ರದ ಕತೆ ಕೇಳುವವನಂತೆ ತಲೆಯಾಡಿಸುತ್ತ ಕೇಳಿದ.

"ನೀವು ಕೇಳ್ತಾನೇ ಇದ್ರಿ," ಎಂದಳು. "ಹೋಗ್ಬೇಡಿ ಅನ್ನು ಅಂತ. ನಾನು ಅನ್ಲಿಲ್ಲ."

"ಹಾಗಂತ ಯಾರು ಹೇಳಿದ್ರು?"

"ನಾನೇ ಕೇಳಿಸ್ಕೊಂಡೆ, ಈ ಕಿವೀಲಿ."

"ಏನು ಕೇಳಿಸ್ಕೊಂಡೆಯೋ. ನಾನು ಯಾವತ್ತೂ ಹಾಗೆ ಕೇಳ್ಲಿಲ್ಲ."

ಆಕೆ ಅವನ ಕಡೆ ತಿರುಗಿದಳು. "ಮತ್ತೆ ಏನು ಕೇಳಿದ್ದು?"

"ನೀನೂ ಬರ್ತೀಯಾ ಅಂತ."

ಕೆಳಗೆಲ್ಲೋ ಒಂದು ಬಾಗಿಲು ಬಡಿದುಕೊಂಡಿತು. ಕಿವಿಯಕ್ಕನಿಗೆ ತಾನು ಕೂತ ಮೆಟ್ಟಿಲು ಕೆಳಗಿಳಿದಂತಾಯಿತು. ಅವನ ದನಿಯನ್ನು ಲಾಂಗಿಂಗ್ ಡಬ್ಬಿಗೆ ಹಾಕಿದ್ದಳು, ಅದರಲ್ಲಿ ತಪ್ಪಿರಲಿಲ್ಲ. ಆದರೆ ಆ ಆಸೆ ಯಾವ ದಿಕ್ಕಿಗೆ ಮುಖಮಾಡಿದೆ ಎಂಬುದರಲ್ಲಿ ಪೂರ್ತಿ ಎಡವಿದ್ದಳು. ಅದು ತನ್ನ ಕಡೆಗೇ ಇತ್ತು.

"ಯಾವಾಗ ಕೇಳಿದ್ರಿ?" ದನಿ ಎದ್ದಿತು. "ಒಂದ್ಸಲನಾದ್ರೂ ನೀನೂ ಬಾ ಅಂದ್ರಾ?"

"ಕಿಟಕಿ ಅಂದೆ. ಅಡುಗೆಮನೆ ಕಟ್ಟೆ ಅಂದೆ. ಅಲ್ಲೂ ದೊಡ್ಡ ಆಸ್ಪತ್ರೆ ಇದೆ, ಫೋನಿಗೆ ಇನ್ನೂ ಮನುಷ್ಯರೇ ಕೂತಿರ್ತಾರಂತೆ ಅಂತ ಹೋದ ತಿಂಗಳು ಅಂದೆ. ನಾನೊಬ್ನೇ ಹೋಗೋದಾದ್ರೆ ಎರಡು ಕಿಟಕಿ ಯಾಕೆ ಬೇಕಿತ್ತು? ನಾನೇನು ಕಟ್ಟೆ ಮುಂದೆ ನಿಂತು ಅಡುಗೆ ಮಾಡ್ತೀನಾ?"

"ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೇಳೋಣ ಅಂತಲೇ ಬರ್ತೀನಿ. ನಿನ್ನ ದನಿ ಕೇಳಿದ ತಕ್ಷಣ ನಾಲಿಗೆ ಹಿಂದಕ್ಕೆ ಹೋಗುತ್ತೆ."

ದೂರಿನ ಸೊಲ್ಲೇ ಇರಲಿಲ್ಲ ಅದರಲ್ಲಿ. ಮೂರನೇ ರಾಟೆ ಸವೆದಿದೆ ಎನ್ನುವ ಹಾಗೆ ಹೇಳಿದ. ಬೈದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು. ಸವೆದದ್ದು ಎಂದಿನಿಂದಲೋ ಅವನಿಗೆ ಗೊತ್ತಿದೆ, ಅದರ ಜೊತೆಗೇ ಓಡಾಡುವುದನ್ನು ರೂಢಿ ಮಾಡಿಕೊಂಡಿದ್ದಾನೆ ಎಂಬುದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

"ಏನಂತ ಒಪ್ಕೊಂಡ್ರಿ?"

"ಒಬ್ನೇ ಅಂತ. ಮದುವೆಯಾದೋರಿಗೆ ಕೊಡೋ ಮನೆ ಬೇಡ, ಒಂಟಿ ಕೋಣೆ ಸಾಕು ಅಂದೆ. ಸೋಮವಾರ ಹೊರಡಬೇಕು."

ಆಕೆ ಗೋಡೆಗೆ ಒರಗಿದಳು. ಬಂದರಿನ ಊರನ್ನು ನೋಡಿದವಳಲ್ಲ. ಟೈರ್ ಅಂಗಡಿಯ ಮೇಲಿನ ಕೋಣೆ ಆಕೆಗೆ ಇಷ್ಟವಿತ್ತು. ಮೇಷ್ಟ್ರ ಕೀಟಲೆ, ಟೀ, ತಿಂಗಳ ಕೊನೆಗೆ ತನ್ನದೆನ್ನುವ ಸಂಬಳ. ಅದನ್ನು ಬಿಡುವುದು ಸಣ್ಣ ಮಾತಲ್ಲ. ಹೊಸ ಊರಿನಲ್ಲಿ ತಾನು ಏನಾಗುತ್ತೇನೋ. ಇದನ್ನೆಲ್ಲ ಯೋಚಿಸುವಾಗಲೂ ಆಕೆಯ ಕಿವಿಯಲ್ಲಿ ನೀರಿನೊಳಗಿನ ಆ ದನಿ ಏರಿ, ಏರಿ, ತುದಿಯಲ್ಲಿ ನಿಂತಿತ್ತು. ಅದು ಯಾರದೋ ಗಂಡನದೆಂದು ಎಷ್ಟು ಹೊಟ್ಟೆಕಿಚ್ಚು ಪಟ್ಟಿದ್ದಳು.

"ಫೋನ್ ಮಾಡಿ," ಎಂದಳು. "ಇಬ್ರು ಅಂತ ಹೇಳಿ."

ಅವನು ಆಕೆಯನ್ನೇ ದಿಟ್ಟಿಸಿದ. "ಸಿಡುಕ್ತಾ ಹೇಳ್ತಿದೀಯಾ."

"ಸಿಡುಕ್ತಿಲ್ಲ ರೀ. ನನ್ನ ದನಿನೇ ಹೀಗಾಗೋಗಿದೆ, ಇವತ್ತೇ ಗೊತ್ತಾಯ್ತು ನನಗೂ. ಅದನ್ನ ಸರಿಮಾಡೋಕೆ ಎಷ್ಟು ದಿನ ಹಿಡಿಯುತ್ತೋ ಏನೋ. ಸದ್ಯಕ್ಕೆ ದನಿ ಬಿಡಿ, ಮಾತು ಕೇಳಿ. ಇಬ್ರು ಅಂತ ಹೇಳಿ."

ಅವನ ಎಣ್ಣೆಕೈ ಫೋನಿನ ಮೇಲೆ ಜಾರಿತು. ಆಕೆಯೇ ಅದನ್ನು ತೆಗೆದುಕೊಂಡು, ಅವನು ತೋರಿಸಿದ ಅಂಕಿ ಒತ್ತಿ, ಅವನ ಕಿವಿಗೆ ಹಿಡಿದಳು. ತನ್ನ ಕಿವಿಯನ್ನೂ ಅದಕ್ಕೆ ಒತ್ತಿದಳು. ಇಬ್ಬರ ತಲೆ ತಾಗಿಕೊಂಡಿತು. ಅವನ ಹಣೆಯ ದೀಪ ಇನ್ನೂ ಉರಿಯುತ್ತಿತ್ತು, ಆರಿಸಲು ಇಬ್ಬರಿಗೂ ಹೊಳೆದಿರಲಿಲ್ಲ.

ಆಚೆ ಗುಮಾಸ್ತ ಎತ್ತಿಕೊಂಡ. ಗಂಡ ಹೇಳಿದ. ಗುಮಾಸ್ತ ಹಾಳೆ ತಿರುವುವ ಸದ್ದು ಕೇಳಿಸಿತು.

"ಅಯ್ಯೋ ಮೇಸ್ತ್ರಿ, ಬೆಳಿಗ್ಗೆ ನೀವೇ ಬೇಡ ಅಂದ್ರಲ್ಲ. ಮಧ್ಯಾಹ್ನ ಆ ಮನೇನ ಕ್ರೇನ್ ಓಡಿಸೋರಿಗೆ ಕೊಟ್ಟಾಯ್ತು. ಅವರು ಬೀಗದ ಕೈನೂ ತಗೊಂಡು ಹೋದ್ರು."

"ಬೇರೆ ಯಾವುದೂ..."

"ಇಲ್ಲ. ಮುಂದಿನ ಕಟ್ಟಡ ಎದ್ದಮೇಲೆ ನೋಡ್ಬೇಕು. ಒಂದು ವರ್ಷವೇ ಆಗ್ಬೋದು. ನಿಮ್ಮ ಒಂಟಿ ಕೋಣೆ ಇದೆ, ಸೋಮವಾರ ಬಂದುಬಿಡಿ."

ಬೆಳಿಗ್ಗೆ ಇದ್ದದ್ದು ಮಧ್ಯಾಹ್ನಕ್ಕೆ ಇಲ್ಲ. ಗಂಡನ ಮುಖದ ಬಣ್ಣ ಇಳಿಯುವುದನ್ನು ಆಕೆ ಅಷ್ಟು ಹತ್ತಿರದಿಂದ ನೋಡಿದಳು. ಅವನು ಆಯ್ತು ಸ್ವಾಮಿ ಎನ್ನಲು ಬಾಯಿ ತೆರೆದ. ಆ ಆಯ್ತು ಆಗಲೇ ಗಂಟಲಿನಲ್ಲಿ ಏರಿ, ನಿಲ್ಲುವ ಜಾಗಕ್ಕೆ ಬಂದಿತ್ತು.

ಆಕೆ ಫೋನಿನ ಮೇಲೆ ಅಂಗೈ ಮುಚ್ಚಿದಳು.

"ಎಷ್ಟು ಅಗಲ ಇದೆ ಕೇಳಿ."

"ಏನು?"

"ಒಂಟಿ ಕೋಣೆ. ಎಷ್ಟು ಅಗಲ ಇದೆ ಅಂತ ಕೇಳಿ."

ಅವನು ಬೆಪ್ಪಾಗಿ ಆಕೆಯನ್ನೇ ನೋಡಿದ, ದೀಪದ ಬೆಳಕಿಗೆ ಆಕೆ ಕಣ್ಣು ಕಿರಿದು ಮಾಡಿಕೊಳ್ಳುವಷ್ಟು ಹೊತ್ತು ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಆಕೆಯ ಅಂಗೈಯನ್ನು ಫೋನಿನ ಮೇಲಿಂದ ಮೆಲ್ಲಗೆ ಸರಿಸಿದ.

"ಸ್ವಾಮಿ," ಎಂದ, "ಆ ಕೋಣೆ ಎಷ್ಟು ಅಗಲ ಇದೆ?"